ಪ್ಯಾಮ್ ಕೊಡಬೇಕೇ, ಬೇಡವೇ?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮೂವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಕಮಲಾಪುರ ಸಿಗುತ್ತದೆ. ಈಚೆಗೆ ತಾಲ್ಲೂಕು ಕೇಂದ್ರವಾದ ಊರು. ಹೊರಗಿನವರಿಗೆ ಇದು ಕೆಂಪು ಬಾಳೆಹಣ್ಣಿನಿಂದ ಗೊತ್ತು. ಆದರೆ ಈ ಸೀಮೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಾಣುವುದು ತೊಗರಿ. ಮುಂಗಾರಿಗೆ ಬಿತ್ತಿದ ತೊಗರಿ ದಸರೆ ದೀಪಾವಳಿಯ ಹೊತ್ತಿಗೆ ಹೂ ಕಟ್ಟಿ ಕಾಯಿಗಿಳಿಯುತ್ತದೆ. ಅದೇ ಹೊತ್ತಿಗೆ ಕಾಯಿಕೊರಕ ಹುಳುವೂ ಬೀಳುತ್ತದೆ. ಆಗ ಬೆನ್ನಿಗೆ ಪಂಪು ಕಟ್ಟಿಕೊಂಡು 'ಎಣ್ಣಿ ಹೊಡಿಯೋದು' ಶುರುವಾಗುತ್ತದೆ. ಇಲ್ಲಿನ ಮಾತಿನಲ್ಲಿ ಎಣ್ಣಿ ಎಂದರೆ ಕೀಟನಾಶಕ.

ಅಂಥ ಒಂದು ಸಂಜೆ ಕಮಲಾಪುರದ ಸರ್ಕಾರಿ ದವಾಖಾನೆಗೆ ಹೊಲದಿಂದ ನೇರವಾಗಿ ಒಬ್ಬರನ್ನು ಎತ್ತಿಕೊಂಡು ಬಂದರು ಎಂದಿಟ್ಟುಕೊಳ್ಳೋಣ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಉಸಿರಿನಲ್ಲಿ ಗೊರಗೊರ ಸದ್ದು, ಕಣ್ಣಿನ ಪಾಪೆ ಚುಕ್ಕೆಯಷ್ಟು ಕಿರಿದಾಗಿದೆ. ಪಾಳಿಯಲ್ಲಿರುವ ಯುವ ವೈದ್ಯೆಗೆ ಇದು ಆರ್ಗ್ಯಾನೊಫಾಸ್ಫೇಟ್ ವಿಷ ಎಂದು ಗುರುತಿಸಲು ಕಷ್ಟವಿಲ್ಲ. ಕೂಡಲೇ ಅಟ್ರೋಪಿನ್ ಶುರು ಮಾಡುತ್ತಾರೆ. ಅಲ್ಲಿಯವರೆಗೆ ಯಾವ ವೈದ್ಯರಿಗೂ ಅನುಮಾನವಿಲ್ಲ. ಅನುಮಾನ ಏಳುವುದು ಎರಡನೆಯ ಔಷಧದ ಬಗ್ಗೆ. ಅದರ ಹೆಸರು ಪ್ರಾಲಿಡಾಕ್ಸಿಮ್, ವಾರ್ಡಿನ ಮಾತಿನಲ್ಲಿ 'ಪ್ಯಾಮ್'. ಅದನ್ನು ಕೊಡಬೇಕೇ, ಬೇಡವೇ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಆರೋಗ್ಯ ಮಾಹಿತಿ ಹೇಗೆ ಹುಟ್ಟುತ್ತದೆ, ಎಲ್ಲಿ ಕೂಡಿರುತ್ತದೆ, ಯಾರ ಕೈಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದೆಲ್ಲ ಕಾಣುತ್ತದೆ. ದಾರಿಯಲ್ಲಿ ನಾವು ಚಿಕಿತ್ಸೆಯ ಲೆಕ್ಕಕ್ಕೇ ತೆಗೆದುಕೊಳ್ಳದ ಒಬ್ಬರ ಪರಿಚಯವೂ ಆಗುತ್ತದೆ. ಅವರು ವೈದ್ಯಕೀಯ ಕಾಲೇಜಿನ ಲೈಬ್ರೇರಿಯನ್.

ಮೊದಲು ವಿಷದ ಕೆಲಸ ನೋಡೋಣ. ನರದ ತುದಿಯಿಂದ ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲಿನ್. ಸಂದೇಶ ಮುಟ್ಟಿದ ಮರುಕ್ಷಣವೇ ಅದು ಅಲ್ಲಿಂದ ತೊಲಗಬೇಕು. ತೊಲಗಿಸಲೆಂದೇ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವಿದೆ. ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲೆ ರಸ್ತೆ ಗುಡಿಸಿ ಮರುದಿನದ ಓಡಾಟಕ್ಕೆ ಜಾಗ ಮಾಡಿಕೊಡುವವರ ಕೆಲಸವೇ ಅದರದು. ಆರ್ಗ್ಯಾನೊಫಾಸ್ಫೇಟ್ ಈ ಕಿಣ್ವಕ್ಕೆ ಅಂಟಿಕೊಂಡು ಅದರ ಕೈ ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ಗುಡ್ಡೆಬೀಳುತ್ತದೆ. ಗ್ರಂಥಿಗಳು ಸುರಿಸುತ್ತಲೇ ಇರುತ್ತವೆ, ಶ್ವಾಸನಾಳ ತುಂಬಿಕೊಳ್ಳುತ್ತದೆ, ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋಲುತ್ತವೆ. ಅಟ್ರೋಪಿನ್ ಗ್ರಂಥಿ, ಹೃದಯ, ಶ್ವಾಸನಾಳಗಳಲ್ಲಿ ಅಸಿಟೈಲ್‌ಕೋಲಿನ್‌ನ ಕೂಗು ಕೇಳಿಸದಂತೆ ಮಾಡುತ್ತದೆ. ಸ್ನಾಯುಗಳ ಮೇಲೆ ಅದರ ಆಟ ನಡೆಯದು. ಪ್ಯಾಮ್ ಇನ್ನೊಂದು ದಾರಿ ಹಿಡಿಯುತ್ತದೆ. ಕಿಣ್ವಕ್ಕೆ ಅಂಟಿದ ವಿಷವನ್ನೇ ಕಿತ್ತು ತೆಗೆದು ಕಿಣ್ವವನ್ನು ಬಿಡಿಸುವುದು ಅದರ ಉದ್ದೇಶ.

ಪ್ರಯೋಗಾಲಯದಲ್ಲಿ ಈ ತರ್ಕ ಚೆನ್ನಾಗಿಯೇ ಇದೆ. ಆದ್ದರಿಂದಲೇ ಪಠ್ಯಪುಸ್ತಕಗಳು ದಶಕಗಳಿಂದ ಅಟ್ರೋಪಿನ್ ಮತ್ತು ಪ್ಯಾಮ್ ಎರಡನ್ನೂ ಜೋಡಿಯಾಗಿ ಹೇಳುತ್ತ ಬಂದಿವೆ. ರೋಗಿಗಳ ಮೇಲೆ ಪರೀಕ್ಷಿಸಿದಾಗ ಮಾತ್ರ ಕಥೆ ಬೇರೆಯಾಯಿತು. 1990ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಎರಡು ಅಧ್ಯಯನಗಳಲ್ಲಿ ಪ್ಯಾಮ್ ಹೆಚ್ಚು ಪಡೆದವರಿಗೆ ಲಾಭ ಕಾಣಲಿಲ್ಲ, ಅವರ ಸ್ಥಿತಿಯೇ ಕೆಟ್ಟಂತೆ ತೋರಿತು. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ ಅಧ್ಯಯನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ನಿರಂತರವಾಗಿ ಹೆಚ್ಚು ಪ್ಯಾಮ್ ಪಡೆದ ಗುಂಪಿನಲ್ಲಿ ಸತ್ತವರು ಶೇ 1, ಬಿಟ್ಟು ಬಿಟ್ಟು ಕಡಿಮೆ ಪಡೆದವರಲ್ಲಿ ಶೇ 8. ದೊಡ್ಡ ಭರವಸೆ. ಮೂರೇ ವರ್ಷಕ್ಕೆ, 2009ರಲ್ಲಿ, ಶ್ರೀಲಂಕಾದ 235 ರೋಗಿಗಳ ಅಧ್ಯಯನ ಬಂತು. ಪ್ಯಾಮ್ ಪಡೆದ 121 ಮಂದಿಯಲ್ಲಿ 30 ಜನ ತೀರಿಕೊಂಡರು, ಬರಿಯ ಉಪ್ಪಿನ ದ್ರಾವಣ ಪಡೆದ 114 ಮಂದಿಯಲ್ಲಿ 18 ಜನ. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗಡಿ ದಾಟಲಿಲ್ಲ ನಿಜ, ಆದರೆ ಅದು ವಾಲಿದ್ದು ಹಾನಿಯ ಕಡೆಗೆ. 2011ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಎಲ್ಲವನ್ನೂ ಒಟ್ಟಿಗಿಟ್ಟು ತೂಗಿ, ಲಾಭ ಎನ್ನಲೂ ಹಾನಿ ಎನ್ನಲೂ ಪುರಾವೆ ಸಾಲದು ಎಂದಿತು.

ಈಗ ಕಮಲಾಪುರದ ವೈದ್ಯೆ ಮೊಬೈಲ್ ತೆಗೆದು ಹುಡುಕುತ್ತಾರೆ. ಬಾರಾಮತಿ ಮೊದಲು ಸಿಕ್ಕರೆ ಒಂದು ತೀರ್ಮಾನ, ಶ್ರೀಲಂಕಾ ಮೊದಲು ಸಿಕ್ಕರೆ ಅದರ ತದ್ವಿರುದ್ಧ ತೀರ್ಮಾನ. ಎರಡೂ ನಿಜವಾದ, ಒಳ್ಳೆಯ ಪತ್ರಿಕೆಗಳಲ್ಲಿ ಬಂದ ಅಧ್ಯಯನಗಳೇ. ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಒಳಗಿನ ವಿಷಯ ಬಿಚ್ಚಿಕೊಳ್ಳುತ್ತದೆ. ಬಾರಾಮತಿಯಲ್ಲಿ ಎರಡೂ ಗುಂಪಿಗೆ ಪ್ಯಾಮ್ ಕೊಟ್ಟಿದ್ದರು. ಅಲ್ಲಿ ಹೋಲಿಸಿದ್ದು ಪ್ರಮಾಣವನ್ನು, ಔಷಧ ಬೇಕೇ ಬೇಡವೇ ಎಂಬುದನ್ನಲ್ಲ. ರೋಗಿಗಳು ಬೇಗ ಬಂದು ತಲುಪಿದ್ದರು, ತೀವ್ರ ನಿಗಾ ಘಟಕದ ಆರೈಕೆಯೂ ಚೆನ್ನಾಗಿತ್ತು. ಇನ್ನೊಂದು ಸೂಕ್ಷ್ಮ ರಸಾಯನಶಾಸ್ತ್ರದ್ದು. ವಿಷ ಅಂಟಿದ ಕಿಣ್ವ ಹೊತ್ತು ಕಳೆದಂತೆ 'ಮುದಿಯಾಗುತ್ತದೆ'. ಹಾಗಾದ ಮೇಲೆ ಪ್ಯಾಮ್ ಅದನ್ನು ಬಿಡಿಸಲಾರದು. ಡೈಮಿಥೈಲ್ ಗುಂಪಿನ ವಿಷಗಳಲ್ಲಿ, ಉದಾಹರಣೆಗೆ ಮೋನೋಕ್ರೋಟೋಫಾಸ್, ಡೈಮಿಥೋಯೇಟ್, ಅರ್ಧದಷ್ಟು ಕಿಣ್ವ ನಾಲ್ಕು ತಾಸಿನೊಳಗೇ ಮುದಿಯಾಗುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ನಂಥ ಡೈಈಥೈಲ್ ಗುಂಪಿನಲ್ಲಿ ಅದಕ್ಕೆ ಮೂವತ್ತು ತಾಸಿನ ಮೇಲಾಗುತ್ತದೆ. ಅಂದರೆ ವೈದ್ಯೆಯ ಪ್ರಶ್ನೆ 'ಪ್ಯಾಮ್ ಒಳ್ಳೆಯದೇ' ಎಂಬುದಲ್ಲ. ಯಾವ ಎಣ್ಣಿ, ಹೊಟ್ಟೆಗೋ ಮೈಗೋ ಎಷ್ಟು ಹೋಗಿದೆ, ಹೊಲದಿಂದ ಇಲ್ಲಿಗೆ ಬರಲು ಎಷ್ಟು ಹೊತ್ತಾಯಿತು, ವೆಂಟಿಲೇಟರ್ ಎಷ್ಟು ದೂರದಲ್ಲಿದೆ ಎಂಬುದೆಲ್ಲ ಸೇರಿದ ಪ್ರಶ್ನೆ ಅದು. ಚಿಕಿತ್ಸೆಯ ತೀರ್ಮಾನ ವೈದ್ಯರದೇ. ನನ್ನ ಕಾಳಜಿ ಆ ತೀರ್ಮಾನಕ್ಕೆ ಮುನ್ನ ಅವರ ಮುಂದೆ ಏನು ಬರಬೇಕು ಎಂಬುದರ ಬಗ್ಗೆ.

ಪ್ರಶ್ನೆಯನ್ನು ಹೀಗೆ ಬಿಡಿಸುವುದು ಒಂದು ವಿದ್ಯೆ. ಆ ವಿದ್ಯೆಗೆ ಕರ್ನಾಟಕದಲ್ಲಿ ದೊಡ್ಡ ಪರಂಪರೆಯೇ ಇದೆ. ಗಣಿತದ ಮೇಷ್ಟರಾಗಿದ್ದು ಗ್ರಂಥಾಲಯ ವಿಜ್ಞಾನಕ್ಕೆ ಬಂದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. ಓದುಗರ ಸಮಯ ಉಳಿಸಬೇಕೆಂಬುದು ಅದರಲ್ಲಿ ನಾಲ್ಕನೆಯದು. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾದದ್ದು ಅವರಿಂದ. ಅವರ ಕೋಲನ್ ವರ್ಗೀಕರಣದಲ್ಲಿ ವೈದ್ಯಕೀಯಕ್ಕೆ 'ಎಲ್' ಅಕ್ಷರ. ಆ ಪದ್ಧತಿಯನ್ನು ಕಲಿಸುವಾಗ ಇಂದಿಗೂ ಹೇಳಿಕೊಡುವ ಉದಾಹರಣೆ ಒಂದಿದೆ: 1950ರ ದಶಕದಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆಯ ಬಗ್ಗೆ ನಡೆದ ಸಂಶೋಧನೆ. ಅಂಗ ಯಾವುದು, ರೋಗ ಯಾವುದು, ಮಾಡಿದ್ದೇನು, ಎಲ್ಲಿ, ಯಾವಾಗ ಎಂದು ವಿಷಯವನ್ನು ಮುಖ ಮುಖವಾಗಿ ಒಡೆದು ಮತ್ತೆ ಜೋಡಿಸುವುದು ಅವರ ಕ್ರಮ. ಇಂದು ವೈದ್ಯ ವಿದ್ಯಾರ್ಥಿಗಳಿಗೆ ರೋಗಿ, ಚಿಕಿತ್ಸೆ, ಹೋಲಿಕೆ, ಫಲಿತಾಂಶ ಎಂದು ಪ್ರಶ್ನೆಯನ್ನು ನಾಲ್ಕು ಭಾಗ ಮಾಡಲು ಕಲಿಸುತ್ತಾರಲ್ಲ, ಅದು ಇದರ ಹತ್ತಿರದ ನೆಂಟ.

ಇನ್ನೊಂದು ಪರಂಪರೆ ಅಮೆರಿಕದ್ದು. ಸೇನಾ ವೈದ್ಯ ಜಾನ್ ಶಾ ಬಿಲಿಂಗ್ಸ್ 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಶುರು ಮಾಡಿದರು. ಜಗತ್ತಿನ ವೈದ್ಯಕೀಯ ಲೇಖನಗಳನ್ನು ವಿಷಯವಾರು ಪಟ್ಟಿ ಮಾಡಿ ತಿಂಗಳು ತಿಂಗಳು ಅಚ್ಚು ಹಾಕುವ ಸಾಹಸ ಅದು. 1960ರಲ್ಲಿ ಅದಕ್ಕೆ 'ಮೆಶ್' ಎಂಬ ವಿಷಯ ಶೀರ್ಷಿಕೆಗಳ ಪಟ್ಟಿ ಬಂತು. 1964ರಲ್ಲಿ ಕಂಪ್ಯೂಟರ್, 1997ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದ ಪಬ್‌ಮೆಡ್. ಇಂದು ಅದರಲ್ಲಿ ಮೂರೂವರೆ ಕೋಟಿಗೂ ಮೀರಿದ ಲೇಖನಗಳ ದಾಖಲೆ ಇದೆ. ಮೊಬೈಲಿನಲ್ಲಿ ಕೆಲವೇ ಸೆಕೆಂಡಿನಲ್ಲಿ ತೆರೆದುಕೊಳ್ಳುವ ಈ ಪುಟದ ಹಿಂದೆ ನೂರು ವರ್ಷಕ್ಕೂ ಮೀರಿದ ಲೈಬ್ರೇರಿಯನ್‌ಗಳ ದುಡಿಮೆ ಇದೆ ಎಂಬುದನ್ನು ನಾವು ನೆನೆಯುವುದೇ ಇಲ್ಲ.

ಮೆಶ್ ಪಟ್ಟಿಯ ಈ ಶೀರ್ಷಿಕೆಗಳು ಬಳಕೆದಾರರಿಗೆ ಕಾಣದ ಒಳಗಿನ ಕಟ್ಟಡ. 'ಆರ್ಗ್ಯಾನೊಫಾಸ್ಫೇಟ್ ವಿಷಪ್ರಾಶನ' ಎಂಬ ನೇರ ಶೀರ್ಷಿಕೆ ಮೆಶ್‌ಗೆ ಸೇರಿದ್ದು ತಡವಾಗಿ. ಅದಕ್ಕೆ ಮುಂಚಿನ ಲೇಖನಗಳು ಕೀಟನಾಶಕ, ಕೋಲಿನ್‌ಎಸ್ಟರೇಸ್ ತಡೆಗಳು, ಆರ್ಗ್ಯಾನೊಫಾಸ್ಫರಸ್ ಸಂಯುಕ್ತಗಳು ಎಂಬ ಬೇರೆ ಬೇರೆ ಶೀರ್ಷಿಕೆಗಳ ಅಡಿಯಲ್ಲಿವೆ. ಹೊಸ ಹೆಸರಿನಿಂದ ಮಾತ್ರ ಹುಡುಕುವವರಿಗೆ ಹಳೆಯ ವೆಲ್ಲೂರಿನ ಕೆಲಸ ತಪ್ಪಿಹೋಗಬಹುದು. ಪ್ಯಾಮ್ ಎಂದು ಹುಡುಕಿದರೆ ಪ್ರಾಲಿಡಾಕ್ಸಿಮ್ ಎಂದು ಬರೆದ ಲೇಖನ, ಅದನ್ನು ಹುಡುಕಿದರೆ ಆಕ್ಸೈಮ್ ಎಂದು ಒಟ್ಟಾಗಿ ಬರೆದ ಲೇಖನ ಕೈತಪ್ಪಬಹುದು. 2022ರಿಂದ ಈ ಶೀರ್ಷಿಕೆ ಹಚ್ಚುವ ಕೆಲಸವನ್ನು ಯಂತ್ರವೇ ಮಾಡುತ್ತಿದೆ, ಮನುಷ್ಯರು ಆಯ್ದವನ್ನು ಪರಿಶೀಲಿಸುತ್ತಾರೆ. ಯಂತ್ರ ಎಲ್ಲಿ ತಪ್ಪಬಹುದು ಎಂದು ಊಹಿಸಿ ಹುಡುಕುವುದು ಲೈಬ್ರೇರಿಯನ್‌ಗೆ ಹೊಸದಾಗಿ ಸೇರಿದ ಹೊಣೆ.

ಹುಡುಕಾಟ ಅರೆಯಾದರೆ ಏನಾಗುತ್ತದೆ ಎಂಬುದಕ್ಕೆ 2001ರ ಒಂದು ಸಾವು ಸಾಕ್ಷಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ಆಸ್ತಮಾ ಕುರಿತ ಸಂಶೋಧನೆಗೆ ಸ್ವಯಂಸೇವಕಿಯಾಗಿ ಬಂದಿದ್ದ ಎಲೆನ್ ರೋಶ್ ಎಂಬ 24 ವರ್ಷದ ಆರೋಗ್ಯವಂತ ಯುವತಿಗೆ ಹೆಕ್ಸಮೆಥೋನಿಯಮ್ ಎಂಬ ರಾಸಾಯನಿಕವನ್ನು ಉಸಿರಿನಲ್ಲಿ ಕೊಟ್ಟರು. ಅವರ ಶ್ವಾಸಕೋಶ ಕುಸಿಯಿತು. ಜೂನ್ 2ರಂದು ತೀರಿಕೊಂಡರು. ಸಂಶೋಧಕರು ಮುನ್ನ ಪಬ್‌ಮೆಡ್ ನೋಡಿದ್ದರು. ಆದರೆ ಆಗ ಅದರ ದಾಖಲೆ ಶುರುವಾಗುತ್ತಿದ್ದದ್ದೇ 1966ರಿಂದ. ಈ ರಾಸಾಯನಿಕ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ ಎಂಬ ವರದಿಗಳು 1950ರ ದಶಕದ ಅಚ್ಚಾದ ಸಂಪುಟಗಳಲ್ಲಿದ್ದವು. ಕಪಾಟಿನಲ್ಲಿ ಅವು ಇದ್ದೇ ಇದ್ದವು. ಅಮೆರಿಕದ ವೈದ್ಯಕೀಯ ಲೈಬ್ರೇರಿಯನ್‌ಗಳ ಸಮುದಾಯ ಈ ಘಟನೆಯನ್ನು ಇಂದಿಗೂ ಮರೆತಿಲ್ಲ. ಡೇಟಾಬೇಸ್ ಎಲ್ಲಿಂದ ಶುರುವಾಗುತ್ತದೆ ಎಂಬ ಸಣ್ಣ ಮಾಹಿತಿ ತಿಳಿದವರೊಬ್ಬರು ಆ ತಂಡದಲ್ಲಿ ಇರಬೇಕಿತ್ತು.

ಇನ್ನು ಕಲಬುರಗಿ ನಗರಕ್ಕೆ ಬರೋಣ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾಯಿತು. ಆಮೇಲೆ ಖಾಜಾ ಬಂದಾನವಾಜ್ ಸಂಸ್ಥೆಯ ಕಾಲೇಜು, ಸರ್ಕಾರದ ಜಿಮ್ಸ್, ಇಎಸ್‌ಐ ಕಾಲೇಜುಗಳು ಬಂದವು. ಒಂದೇ ಊರಿನಲ್ಲಿ ನಾಲ್ಕು ವೈದ್ಯಕೀಯ ಕಾಲೇಜು ಎಂದರೆ ನಾಲ್ಕು ವೈದ್ಯಕೀಯ ಗ್ರಂಥಾಲಯ. ಜೊತೆಗೆ ಗ್ರಂಥಾಲಯ ವಿಜ್ಞಾನವನ್ನೇ ಕಲಿಸುವ ವಿಭಾಗ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿದೆ. ರಾಜ್ಯದಲ್ಲಿ ಬೆಂಗಳೂರು, ಮಂಗಳೂರು ಬಿಟ್ಟರೆ ಇಂಥ ಅನುಕೂಲ ಇರುವ ಊರುಗಳು ಹೆಚ್ಚಿಲ್ಲ.

ಹಿಂದೆ ಈ ಗ್ರಂಥಾಲಯಗಳ ದೊಡ್ಡ ಚಿಂತೆ ವಿದೇಶಿ ನಿಯತಕಾಲಿಕೆಗಳ ಚಂದಾ. ಡಾಲರ್ ಏರಿದಂತೆಲ್ಲ ಒಂದೊಂದೇ ಪತ್ರಿಕೆ ನಿಲ್ಲುತ್ತಿತ್ತು. 2003ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 'ಹೆಲಿನೆಟ್' ಎಂಬ ಒಕ್ಕೂಟ ಕಟ್ಟಿತು. ರಾಜ್ಯದ ಕಾಲೇಜುಗಳೆಲ್ಲ ಸೇರಿ ಪ್ರಕಾಶಕರೊಂದಿಗೆ ಒಟ್ಟಾಗಿ ಚೌಕಾಸಿ ಮಾಡಿ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಹಂಚಿಕೊಳ್ಳುವ ವ್ಯವಸ್ಥೆ. ಆರೋಗ್ಯ ವಿಜ್ಞಾನದ ಗ್ರಂಥಾಲಯಗಳಿಗೆ ದೇಶದಲ್ಲೇ ಇದು ಮೊದಲು ಎನ್ನುತ್ತಾರೆ. ಬೆಂಗಳೂರಿನ ಕಾಲೇಜಿಗೂ ಕಲಬುರಗಿಯ ಕಾಲೇಜಿಗೂ ಒಂದೇ ದಿನ ಒಂದೇ ಸಂಚಿಕೆ ತೆರೆದುಕೊಂಡದ್ದು ಈ ಭಾಗಕ್ಕೆ ಸಣ್ಣ ಸಂಗತಿಯಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ತಿದ್ದುಪಡಿ ಬರುವುದಕ್ಕೆ ಹತ್ತು ವರ್ಷ ಮೊದಲೇ, ಓದಿನ ಮಟ್ಟಿಗಾದರೂ, ಒಂದು ಅಸಮಾನತೆಯನ್ನು ಲೈಬ್ರೇರಿಯನ್‌ಗಳು ಸದ್ದಿಲ್ಲದೆ ತಗ್ಗಿಸಿದರು.

ಪತ್ರಿಕೆಗಳು ಪರದೆಗೆ ಬಂದ ಮೇಲೆ ಲೈಬ್ರೇರಿಯನ್ ಮೇಜಿನ ಮೇಲಿನ ಕೆಲಸವೂ ಬದಲಾಯಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ಸಿನಾಪ್ಸಿಸ್ ಕೊಡುವ ಕಾಲ ಬಂತೆಂದರೆ ಹುಡುಕಾಟದ ತಂತ್ರ ಹೇಳಿಕೊಡಬೇಕು, ಉಲ್ಲೇಖಗಳನ್ನು ವ್ಯಾಂಕೂವರ್ ಶೈಲಿಗೆ ಕೂರಿಸುವ ತಂತ್ರಾಂಶ ಕಲಿಸಬೇಕು, ಪ್ರಬಂಧದಲ್ಲಿ ನಕಲಿದೆಯೇ ಎಂದು ತಪಾಸಣೆ ಮಾಡಬೇಕು. ಅಧ್ಯಾಪಕರ ಬಡ್ತಿಗೆ ಇಂಥಿಂಥ ಸೂಚಿಗಳಲ್ಲಿ ಸೇರಿದ ಪತ್ರಿಕೆಯಲ್ಲೇ ಲೇಖನ ಬಂದಿರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮ ಹೇಳಿತು. ಆ ಬೇಡಿಕೆಯ ಬೆನ್ನಿಗೇ ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಠಕ್ಕ ಪತ್ರಿಕೆಗಳು ಮುತ್ತಿಕೊಂಡವು. ಅವುಗಳನ್ನು ಬೇರ್ಪಡಿಸಿ ಹೇಳುವ ಕಷ್ಟದ ಕೆಲಸವೂ ಲೈಬ್ರೇರಿಯನ್ ಪಾಲಿಗೆ ಬಿತ್ತು. ಕಷ್ಟವೇಕೆಂದರೆ ಕೇಳಲು ಬಂದವರು ಎಷ್ಟೋ ಸಲ ಹಿರಿಯ ಪ್ರಾಧ್ಯಾಪಕರಾಗಿರುತ್ತಾರೆ. 'ಸರ್, ಈ ಪತ್ರಿಕೆ ಬೇಡ' ಎನ್ನಲು ಜ್ಞಾನದ ಜೊತೆ ಧೈರ್ಯವೂ ಬೇಕು. ಗ್ರಂಥಪಾಲಕರಿಗೆ ಬೋಧಕರ ಸಮಾನ ಸ್ಥಾನ ಕೊಡದ ಕಡೆ ಆ ಧೈರ್ಯವನ್ನು ಕೇಳುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಕೇಂದ್ರ ಸರ್ಕಾರ 2024ರ ನವೆಂಬರ್ 25ರಂದು 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 6,300ರಷ್ಟು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ಒಳ್ಳೆಯ ಹೆಜ್ಜೆ. ಆದರೆ ಬೇಲಿ ಎಲ್ಲಿದೆ ನೋಡಿ. ಅದು ಕಾಲೇಜು, ವಿಶ್ವವಿದ್ಯಾಲಯಗಳ ಗೋಡೆಗೆ ನಿಲ್ಲುತ್ತದೆ. ಕಮಲಾಪುರದ ದವಾಖಾನೆ ಶಿಕ್ಷಣ ಸಂಸ್ಥೆಯಲ್ಲ. ಆ ವೈದ್ಯೆ ವಿದ್ಯಾರ್ಥಿನಿಯಾಗಿದ್ದಾಗ ಕಲಬುರಗಿಯ ಗ್ರಂಥಾಲಯದಲ್ಲಿ ಕೂತು ಸಾವಿರಾರು ಪತ್ರಿಕೆಗಳನ್ನು ತೆರೆಯಬಹುದಿತ್ತು. ಪದವಿ ಪಡೆದು ನಿಜವಾದ ರೋಗಿಯ ಮುಂದೆ ನಿಂತ ದಿನ ಅವೇ ಪುಟಗಳು ಹಣ ಕೇಳುತ್ತವೆ. ಬಡ ದೇಶಗಳ ಆಸ್ಪತ್ರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 'ಹಿನಾರಿ' ಎಂಬ ಯೋಜನೆಯಲ್ಲಿ ಪತ್ರಿಕೆಗಳನ್ನು ತೆರೆದಿಟ್ಟಿದೆ, ಆದರೆ ಆ ಪಟ್ಟಿಯಲ್ಲಿ ಭಾರತ ಬರುವುದಿಲ್ಲ. ಕಾಕ್ರೇನ್ ಗ್ರಂಥಾಲಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಹಣ ಕಟ್ಟಿ ದೇಶದ ಎಲ್ಲರಿಗೂ ತೆರೆಸಿತ್ತು. ಊರು, ಹುದ್ದೆ, ಕಾಲೇಜು ಯಾವುದನ್ನೂ ಕೇಳದ ಆ ಮಾದರಿಯೇ ಸರಿ. ಪತ್ರಿಕೆಗಳ ಚಂದಾವನ್ನು ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಕ್ಕಿಂತ ತುರ್ತಿನ ಬೇಡಿಕೆ ಈ ಕ್ಷೇತ್ರದಲ್ಲಿ ನನಗೆ ಕಾಣದು.

ಇಷ್ಟು ಹೊತ್ತು ಮಾಹಿತಿ ಕಮಲಾಪುರಕ್ಕೆ ಬರುವ ದಾರಿ ನೋಡಿದೆವು. ಅಲ್ಲಿಂದ ಮಾಹಿತಿ ಹೊರಡುವ ದಾರಿಯೂ ಒಂದಿದೆ. ಆ ರೋಗಿಯ ಕೇಸ್‌ಶೀಟು ಕೊನೆಗೆ ಒಂದು ಸಂಕೇತವಾಗಬೇಕು. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಆರ್ಗ್ಯಾನೊಫಾಸ್ಫೇಟ್ ವಿಷಕ್ಕೆ ಟಿ60.0. ಅದರ ಜೊತೆ ಕಾರಣದ ಸಂಕೇತವೂ ಬೇಕು. ಎಣ್ಣಿ ಹೊಡೆಯುವಾಗ ಆಕಸ್ಮಿಕವಾಗಿ ಆದದ್ದಾದರೆ ಎಕ್ಸ್48, ಬೇಕೆಂದೇ ಕುಡಿದದ್ದಾದರೆ ಎಕ್ಸ್68, ಗೊತ್ತಾಗದಿದ್ದರೆ ವೈ18. ಎಂಎಲ್‌ಸಿ (ವೈದ್ಯಕೀಯ ಕಾನೂನು ಪ್ರಕರಣ) ಆಗುತ್ತದೆ, ಪೊಲೀಸರು ಬರುತ್ತಾರೆ ಎಂಬ ಹೆದರಿಕೆಗೆ ಮನೆಯವರು ನಿಜ ಹೇಳದಿರಬಹುದು. ಅವಸರದ ಬರಹದಲ್ಲಿ 'ವಿಷ ಸೇವನೆ' ಎಂದಷ್ಟೇ ದಾಖಲಾಗಬಹುದು. ಈ ಮೂರು ಸಂಕೇತಗಳು ಕಲಸಿಹೋದರೆ ಜಿಲ್ಲೆಯಲ್ಲಿ ಮುಖಗವಸು ಮತ್ತು ಕೈಗವಸು ಹಂಚಬೇಕೋ, ಸಾಲ ಮತ್ತು ಮನೋವೇದನೆಯ ಕಡೆ ನೋಡಬೇಕೋ ಎಂದು ಅಂಕಿಅಂಶದಿಂದ ಹೇಳಲಾಗದು. ಎರಡೂ ನಿಜವಾದ ಸಂಕಟಗಳೇ, ಪರಿಹಾರ ಮಾತ್ರ ಬೇರೆ ಬೇರೆ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾಗಿ ಶುರುವಾಯಿತು. ಪ್ರತಿಯೊಬ್ಬರಿಗೂ 14 ಅಂಕಿಯ ಆಭಾ ಸಂಖ್ಯೆ, ಒಂದು ಆಸ್ಪತ್ರೆಯ ದಾಖಲೆ ಇನ್ನೊಂದರಲ್ಲಿ ತೆರೆಯುವ ಏರ್ಪಾಡು. ಕಮಲಾಪುರದಲ್ಲಿ ಅಟ್ರೋಪಿನ್ ಎಷ್ಟು ಹೊತ್ತಿಗೆ ಎಷ್ಟು ಹೋಯಿತು ಎಂಬುದು ಆಂಬುಲೆನ್ಸ್ ಕಲಬುರಗಿ ಮುಟ್ಟುವುದರೊಳಗೆ ಅಲ್ಲಿನ ವೈದ್ಯರ ಪರದೆಯಲ್ಲಿದ್ದರೆ ಎಷ್ಟು ಒಳ್ಳೆಯದು. ಆದರೆ ದಾಖಲೆ ಅಲ್ಲಿಗೆ ಹೋದರೆ ಸಾಲದು, ಅಲ್ಲಿ ಅರ್ಥವೂ ಆಗಬೇಕು. ಒಬ್ಬರು ಆರ್ಗ್ಯಾನೊಫಾಸ್ಫೇಟನ್ನು ಚುಟುಕಾಗಿ 'ಓಪಿ' ಎಂದು, ಇನ್ನೊಬ್ಬರು 'ಕೀಟನಾಶಕ' ಎಂದು, ಮತ್ತೊಬ್ಬರು ಅಂಗಡಿಯಲ್ಲಿ ಮಾರುವ ಹೆಸರಿನಿಂದ ಬರೆದರೆ ಕಂಪ್ಯೂಟರಿಗೆ ಅವು ಮೂರು ಬೇರೆ ರೋಗಗಳು. ಇದಕ್ಕೆಂದೇ ಭಾರತ 2014ರಲ್ಲಿ ಸ್ನೋಮೆಡ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪದಕೋಶದ ಸದಸ್ಯನಾಯಿತು. ಬೇರೆ ಬೇರೆ ಹೆಸರಿನ ಒಂದೇ ವಸ್ತುವನ್ನು ಒಂದೇ ಶೀರ್ಷಿಕೆಯ ಅಡಿಗೆ ತರುವ ಈ ಕೆಲಸವನ್ನು ಬಿಲಿಂಗ್ಸ್ ಕಾಲದಿಂದಲೂ ಮಾಡುತ್ತ ಬಂದವರು ಲೈಬ್ರೇರಿಯನ್‌ಗಳು. ಆದರೂ ಆಸ್ಪತ್ರೆಗೆ ಹೊಸ ತಂತ್ರಾಂಶ ತರುವ ಸಭೆಗೆ ಎಂಜಿನಿಯರ್ ಬರುತ್ತಾರೆ, ಆಡಳಿತಾಧಿಕಾರಿ ಬರುತ್ತಾರೆ, ಗ್ರಂಥಾಲಯಕ್ಕೆ ಕರೆ ಹೋಗುವುದು ಅಪರೂಪ. ವೈದ್ಯಕೀಯ ದಾಖಲೆ ವಿಭಾಗ ಮತ್ತು ಗ್ರಂಥಾಲಯ ಒಂದೇ ಆವರಣದಲ್ಲಿದ್ದೂ ಒಂದಕ್ಕೊಂದು ಪರಿಚಯವಿಲ್ಲದಂತೆ ಬದುಕುವುದನ್ನು ಬದಲಿಸಬೇಕು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಅದೇ ಹೊಲ, ಅದೇ ದುಡಿಯುವ ಜನ. ಅಲ್ಲಿಯೂ ಎಣಿಕೆ ಸರಿಯಾಗುವುದು ಸಂಕೇತ ಸರಿಯಾಗಿ ಹಚ್ಚಿದಾಗಲೇ.

ಕಲಬುರಗಿಗೆ ಮಾಹಿತಿಯ ಬರಗಾಲವೂ ಗೊತ್ತು, ಮಹಾಪೂರವೂ ಗೊತ್ತು. ದೇಶದ ಮೊದಲ ಕೋವಿಡ್ ಸಾವು ಇಲ್ಲಿಯದು. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು, ಸೋಂಕು ದೃಢಪಟ್ಟದ್ದು 12ರಂದು. ಆ ದಿನ ಯಾವ ಪಠ್ಯಪುಸ್ತಕದಲ್ಲೂ ಆ ರೋಗ ಇರಲಿಲ್ಲ. ನಾಲ್ಕು ದಿನದ ನಂತರ ಅಮೆರಿಕದಲ್ಲಿ ಕೊರೊನಾ ಕುರಿತ ಲೇಖನಗಳ ತೆರೆದ ಸಂಗ್ರಹವೊಂದು ಶುರುವಾದಾಗ ಅದರಲ್ಲಿ 29,000 ಲೇಖನಗಳಿದ್ದವು. ಮೇ 22ರಂದು 'ಲ್ಯಾನ್ಸೆಟ್'ನಲ್ಲಿ 96,000 ರೋಗಿಗಳ ಮಾಹಿತಿ ಆಧರಿಸಿದ್ದೆಂದು ಹೇಳಿಕೊಂಡ ಹೈಡ್ರಾಕ್ಸಿಕ್ಲೋರೊಕ್ವಿನ್ ಅಧ್ಯಯನ ಬಂತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನೇ ತಡೆಹಿಡಿಯಿತು. ಎರಡು ವಾರದಲ್ಲಿ, ಜೂನ್ 4ರಂದು, ಮೂಲ ಮಾಹಿತಿಯನ್ನು ಯಾರೂ ಪರಿಶೀಲಿಸಲಾಗದೆ ಆ ಲೇಖನವನ್ನು ಹಿಂತೆಗೆದುಕೊಂಡರು. ಹಿಂತೆಗೆದ ಲೇಖನ ಅಲ್ಲಿಗೆ ಅಳಿಸಿಹೋಗುವುದಿಲ್ಲ. ಇಳಿಸಿಕೊಂಡ ಪ್ರತಿಗಳಲ್ಲಿ, ಬೇರೆಯವರ ಉಲ್ಲೇಖಗಳಲ್ಲಿ ಉಳಿದೇ ಇರುತ್ತದೆ. ಅದನ್ನು ಬೆನ್ನಟ್ಟಿ 'ಇದು ರದ್ದಾಗಿದೆ' ಎಂದು ಹೇಳುವವರು ಬೇಕು.

ಆಮೇಲೆ ಬಂದದ್ದು ಮಾತಾಡುವ ಯಂತ್ರ. ಚಾಟ್‌ಜಿಪಿಟಿಯಿಂದ ವೈದ್ಯಕೀಯ ಬರಹಗಳನ್ನು ಬರೆಸಿ ಅದರ ಉಲ್ಲೇಖಗಳನ್ನು ತಪಾಸಣೆ ಮಾಡಿದ 2023ರ ಅಧ್ಯಯನವೊಂದರಲ್ಲಿ 115 ಉಲ್ಲೇಖಗಳ ಪೈಕಿ ಶೇ 47 ಇಲ್ಲದ ಲೇಖನಗಳು, ಶೇ 46 ಇದ್ದರೂ ವಿವರ ತಪ್ಪಾದವು. ಪೂರ್ತಿ ಸರಿಯಾದವು ಶೇ 7 ಮಾತ್ರ. ಆಮೇಲಿನ ಆವೃತ್ತಿಗಳು ಸುಧಾರಿಸಿವೆ. ಆದರೆ ಇಲ್ಲದ ಲೇಖನ ಹುಡುಕಿಕೊಂಡು ಬರುವ ವಿದ್ಯಾರ್ಥಿಗೆ 'ಇದು ಸಿಗುತ್ತಿಲ್ಲ' ಎನ್ನುವುದಕ್ಕೂ 'ಇದು ಇಲ್ಲವೇ ಇಲ್ಲ' ಎನ್ನುವುದಕ್ಕೂ ದೊಡ್ಡ ಅಂತರವಿದೆ. ಎರಡನೆಯದನ್ನು ಖಚಿತವಾಗಿ ಹೇಳಬೇಕಾದರೆ ಎಲ್ಲೆಲ್ಲಿ ಇರಬಹುದಿತ್ತು ಎಂಬುದೆಲ್ಲ ಗೊತ್ತಿರಬೇಕು.

ಇಂಥವರನ್ನು ಗ್ರಂಥಾಲಯದ ಕಟ್ಟಡದಿಂದ ಹೊರತಂದು ವಾರ್ಡಿಗೆ ಕರೆದೊಯ್ದ ಪ್ರಯೋಗ ಹಳೆಯದು. 1971ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಗರ್ಟ್ರೂಡ್ ಲ್ಯಾಂಬ್ ಎಂಬ ಲೈಬ್ರೇರಿಯನ್ ವೈದ್ಯರ ರೌಂಡ್ಸ್ ಜೊತೆಗೇ ಲೈಬ್ರೇರಿಯನ್‌ಗಳನ್ನು ಕಳಿಸಿದರು. ಹಾಸಿಗೆಯ ಪಕ್ಕದಲ್ಲಿ ಎದ್ದ ಪ್ರಶ್ನೆಯನ್ನು ಅಲ್ಲೇ ಬರೆದುಕೊಂಡು ಹೋಗಿ ಉತ್ತರ ತರುವುದು ಅವರ ಕೆಲಸ. 1992ರಲ್ಲಿ ಪ್ರಕಟವಾದ ರಾಚೆಸ್ಟರ್ ಅಧ್ಯಯನದಲ್ಲಿ 208 ವೈದ್ಯರನ್ನು ಕೇಳಿದಾಗ, ಗ್ರಂಥಾಲಯ ಕೊಟ್ಟ ಮಾಹಿತಿಯಿಂದ ಚಿಕಿತ್ಸೆಯಲ್ಲಿ ಏನಾದರೊಂದು ಬದಲಿಸಿದೆವು ಎಂದವರು ಶೇ 80. ನಮ್ಮಲ್ಲೇ ಇದಕ್ಕೆ ಹತ್ತಿರದ ನಿದರ್ಶನವಿದೆ. ದೆಹಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲೂ ರಾತ್ರಿ ಕೆಲಸ ಮಾಡುತ್ತಿದೆ. 1800 116 117ಕ್ಕೆ ಕರೆ ಮಾಡಿದರೆ ಯಾವ ವಿಷಕ್ಕೆ ಏನು ಎಂದು ಹೇಳುತ್ತಾರೆ. ಪ್ರಶ್ನೆ ಕೇಳುವವರಿಗೂ ಪುರಾವೆಗೂ ನಡುವೆ ತಿಳಿದ ಮನುಷ್ಯರೊಬ್ಬರು ಕೂತಿರುವುದೇ ಅದರ ಬಲ.

ಕಲಬುರಗಿಯ ನಾಲ್ಕು ಗ್ರಂಥಾಲಯಗಳಲ್ಲಿ ಒಂದಾದರೂ ಜಿಲ್ಲೆಯ ತಾಲ್ಲೂಕು ವೈದ್ಯರ ಪ್ರಶ್ನೆಗಳಿಗೆ ಕಿವಿಯಾಗಬಹುದು. ರಾತ್ರಿ ಹನ್ನೊಂದಕ್ಕೆ ಯಾರೂ ಹೊಸದಾಗಿ ಹುಡುಕಿ ಕೊಡಲಾರರು, ಅದು ನಿಜ. ಆದ್ದರಿಂದ ಹಂಗಾಮಿಗೆ ಮುಂಚೆಯೇ ಕೆಲಸ ಆಗಿರಬೇಕು. ವೈದ್ಯರೂ ಲೈಬ್ರೇರಿಯನ್‌ಗಳೂ ಕೂತು, ವೆಲ್ಲೂರಿನಿಂದ ಕಾಕ್ರೇನ್‌ವರೆಗಿನ ಪುರಾವೆಯನ್ನು ಒಂದೇ ಪುಟಕ್ಕೆ ಇಳಿಸಿ, ಯಾವ ದಿನದವರೆಗಿನ ಹುಡುಕಾಟ ಎಂಬ ತಾರೀಖು ಹಾಕಿ, ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕಳಿಸಬಹುದು. ತಾರೀಖು ಮುಖ್ಯ. ಅದಿಲ್ಲದ ಸಲಹೆ ಎಷ್ಟು ಹಳತೆಂದು ಓದುವವರಿಗೆ ತಿಳಿಯುವುದಿಲ್ಲ.

ಅದರ ಜೊತೆಗೆ ಊರಿಗೊಂದು ಪುಟ ಬೇಕು. ಈಗ 'ಅರಿವು ಕೇಂದ್ರ' ಎನ್ನಿಸಿಕೊಂಡಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅದಕ್ಕೆ ತಕ್ಕ ಜಾಗ. ವಿಷ ಹೋದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ವಾಂತಿ ಶ್ವಾಸಕೋಶಕ್ಕೆ ಇಳಿದು, ರಕ್ತದಲ್ಲಿ ಉಪ್ಪು ಏರಿ ಅಪಾಯ ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ. ಎಣ್ಣಿ ನೆನೆದ ಬಟ್ಟೆ ತೆಗೆಯಿರಿ, ಸೋಪು ನೀರಿನಿಂದ ಮೈ ತೊಳೆಯಿರಿ, ವಾಂತಿ ಮಾಡಿಸಬೇಡಿ, 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಎಸೆಯದೆ ದವಾಖಾನೆಗೆ ಜೊತೆಗೇ ತನ್ನಿ. ಇಷ್ಟನ್ನು ಕಲಬುರಗಿಯ ಮಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರೆ ಸಾಕು.

ಡಬ್ಬಿ ತರಬೇಕೆನ್ನುವುದಕ್ಕೆ ಕಾರಣವಿದೆ. ಚೀಟಿಯ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆ ಹೇಳುತ್ತದೆ, ಕೆಂಪು ಎಲ್ಲಕ್ಕಿಂತ ಅಪಾಯದ್ದು. ಒಳಗಿನ ರಾಸಾಯನಿಕದ ಹೆಸರೂ ಅಲ್ಲೇ ಇರುತ್ತದೆ, ಆದರೆ ಸಣ್ಣ ಅಕ್ಷರದಲ್ಲಿ. ದೊಡ್ಡದಾಗಿ ಕಾಣುವುದು ಕಂಪನಿ ಇಟ್ಟ ಹೆಸರು. ರೈತರ ಬಾಯಲ್ಲಿ ಇರುವುದೂ ಅದೇ. ಕೆಲವು ಡಬ್ಬಿಗಳಲ್ಲಿ ಎರಡು ರಾಸಾಯನಿಕ ಬೆರೆತಿರುತ್ತವೆ, ಕೆಲವು ಆರ್ಗ್ಯಾನೊಫಾಸ್ಫೇಟೇ ಅಲ್ಲ. ಕಮಲಾಪುರ, ಕಲಬುರಗಿಯ ಗೊಬ್ಬರ ಔಷಧದ ಅಂಗಡಿಗಳಲ್ಲಿ ಮಾರುವ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಅದರೊಳಗಿನ ರಾಸಾಯನಿಕ ಯಾವುದು, ಡೈಮಿಥೈಲ್ ಗುಂಪೋ ಡೈಈಥೈಲ್ ಗುಂಪೋ ಎಂದು ಬರೆದಿಟ್ಟರೆ ಪ್ಯಾಮ್ ಪ್ರಶ್ನೆಯ ಅರ್ಧ ಭಾಗ ಅಲ್ಲೇ ಬಗೆಹರಿಯುತ್ತದೆ. ಈ ಪಟ್ಟಿ ಯಾವ ಅಂತರರಾಷ್ಟ್ರೀಯ ಡೇಟಾಬೇಸಿನಲ್ಲೂ ಸಿಗುವುದಿಲ್ಲ, ಅಂಗಡಿ ಅಂಗಡಿ ತಿರುಗಿಯೇ ಕಟ್ಟಬೇಕು. ಗ್ರಂಥಾಲಯ ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇರಲಾರದು. ಪ್ರತಿ ಹಂಗಾಮಿಗೂ ಅದನ್ನು ಹೊಸದಾಗಿ ತಿದ್ದಬೇಕಾಗುತ್ತದೆ, ಏಕೆಂದರೆ ಅಂಗಡಿಗೆ ಹೊಸ ಹೆಸರಿನ ಡಬ್ಬಿಗಳು ಬರುತ್ತಲೇ ಇರುತ್ತವೆ.